ಅರ್ಧ ಬೆರಳಿನ ವೆಬ್‌ಸೈಟ್

ದಡ್ಡಿ ಎಂಬ ಊರಿನ ಬಾಳೇಶನ ಎದುರಿಗೆ ಯಾರಾದರೂ "ಇವತ್ತ ಬಿಸಲ ಭಾಳ ಐತಿ" ಎಂದರೆ ಅವನು ಮೊದಲು ಆಕಾಶ ನೋಡುತ್ತಿರಲಿಲ್ಲ, ಹೇಳಿದವನ ಮುಖ ನೋಡುತ್ತಿದ್ದ. ಬಿಸಿಲಿದೆ ಎಂದು ಹೇಳುವುದರಿಂದ ಇವನಿಗೇನು ಲಾಭ? ಟೋಪಿ ಮಾರಲು ಬಂದಿದ್ದಾನೋ, ಗಾಡಿ ಕೇಳಲು ಬಂದಿದ್ದಾನೋ? ಅದು ಇತ್ಯರ್ಥವಾದ ಮೇಲೆಯೇ ಅವನು ಬಿಸಿಲನ್ನು ಒಪ್ಪುತ್ತಿದ್ದ.

ಈ ಗುಣ ಅವನಿಗೆ ಪುಕ್ಕಟೆ ಬಂದದ್ದಲ್ಲ. ಹಿಂದೊಂದು ವರ್ಷ ಬಾಜೂ ಹೊಲದ ಲಗಮಪ್ಪ ಬದುವಿನ ಮೇಲೆ ನಿಂತು, "ಈ ಸಲ ಏನ್ ಹಾಕೀದಿ?" ಎಂದು ಬಾಳೇಶನ ಅಪ್ಪನನ್ನು ಕೇಳಿದ. ಅಪ್ಪ ಬಾಯಿ ತಪ್ಪಿ "ಉಳ್ಳಾಗಡ್ಡಿ" ಎಂದು ಖರೆ ಹೇಳಿಬಿಟ್ಟ. ಲಗಮಪ್ಪನೂ ಉಳ್ಳಾಗಡ್ಡಿ ಹಾಕಿದ. ಲಗಮಪ್ಪನನ್ನು ನೋಡಿ ಊರೇ ಹಾಕಿತು. ಆ ವರ್ಷ ಉಳ್ಳಾಗಡ್ಡಿ ಕೊಳ್ಳುವವರಿಲ್ಲದೆ ತಿಪ್ಪೆ ಸೇರಿತು. ತಿಪ್ಪೆಗೆ ಬಂದ ದನಗಳೂ ಮೂಸಿ ನೋಡಿ ಮುಖ ತಿರುಗಿಸಿದವು. ಅಂದಿನಿಂದ ಆ ಮನೆಯಲ್ಲಿ ಒಂದು ಕಾನೂನು ಜಾರಿಗೆ ಬಂತು. ಏನು ಬಿತ್ತುತ್ತೀ ಎಂದು ಯಾರು ಕೇಳಿದರೂ ಬೇರೆ ಬೆಳೆಯ ಹೆಸರು ಹೇಳಬೇಕು. ಕೇಳಿದವನಿಗೂ ಅದು ಸುಳ್ಳೆಂದು ಗೊತ್ತಿರುತ್ತದೆ. ಆ ಸುಳ್ಳನ್ನು ಸೋಸಿ ಖರೆ ತೆಗೆಯುವುದು ಅವನವನ ಜಾಣತನ. ಇದಕ್ಕೆ ಆ ಕಡೆ ಯಾರೂ ಮೋಸ ಎನ್ನುವುದಿಲ್ಲ, ಒಕ್ಕಲುತನ ಎನ್ನುತ್ತಾರೆ.

ಬಾಳೇಶ ಒಕ್ಕಲುತನವನ್ನು ತಮ್ಮನಿಗೆ ಬಿಟ್ಟುಕೊಟ್ಟು ಹುಕ್ಕೇರಿಯ ಒಂದು ಪತ್ತಿನ ಸೊಸೈಟಿಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದ. ಕೆಳಗೆ ಕುರ್ಚಿ ತಿರುಗುತ್ತಿತ್ತು, ಮೇಲೆ ಫ್ಯಾನು ತಿರುಗುತ್ತಿತ್ತು. ನಡುವೆ ಕೂತ ಮನುಷ್ಯ ತಾನು ತಿರುಗಬೇಕಾಗಿಲ್ಲ ಎಂಬ ನೆಮ್ಮದಿಯಲ್ಲಿ ಕಾಲ ಕಳೆಯುತ್ತಿದ್ದ. ಆ ನೆಮ್ಮದಿಗೆ ಕಲ್ಲು ಬಿದ್ದದ್ದು ಒಂದು ಸೋಮವಾರ.

ಸೊಸೈಟಿಯ ಚೇರ್ಮನ್ ಮುರಿಗೆಪ್ಪನವರು ಹಿಂದೆ ಬಹಳ ವರ್ಷ ಎಮ್ಮೆ ವ್ಯಾಪಾರ ಮಾಡಿದವರು. ವ್ಯಾಪಾರ ಬಿಟ್ಟರೂ ಹೆಗಲ ಮೇಲಿನ ಟವೆಲ್ ಬಿಟ್ಟಿರಲಿಲ್ಲ. ಅವರು ಬಾಳೇಶನನ್ನೂ ಇನ್ನೊಬ್ಬ ಆಪರೇಟರ್ ಶಿವಕುಮಾರನನ್ನೂ ಒಳಗೆ ಕರೆದರು.

"ನೋಡ್ರಪಾ, ಎಲ್ಲಾ ಸೊಸೈಟಿಗೂ ವೆಬ್‌ಸೈಟ್ ಆಗ್ಯಾವಂತ. ನಮ್ಮದೂ ಆಗಬೇಕು. ಹೊರಗಿನವರ ಕೈಯಾಗ ಕೊಟ್ರ ನಾಳೆ ಕೀಲಿಕೈ ಅವರ ಕಡೇನ ಉಳೀತೈತಿ. ನೀವ ಇಬ್ಬರದೀರಿ, ಕಲೀರಿ. ಮಹಾಸಭಾದಾಗ ಯಾವಂವ ಮಾಡಿ ತೋರಸ್ತಾನ, ಅಂವ ಇಲ್ಲೇ ಕುರ್ಚಿ ಮ್ಯಾಲೆ. ಇನ್ನೊಬ್ಬಂವ ತುಕ್ಕಾನಟ್ಟಿಗೆ, ಪಿಗ್ಮಿ ಕೂಡಿಸಾಕ."

ಪಿಗ್ಮಿ ಎಂದರೆ ಹೆಗಲಿಗೆ ಚೀಲ ಹಾಕಿಕೊಂಡು ಅಂಗಡಿ ಅಂಗಡಿ ಅಡ್ಡಾಡಿ ದಿನದ ಉಳಿತಾಯ ಕೂಡಿಸುವ ಕೆಲಸ. ಮರ್ಯಾದೆಯ ಕೆಲಸವೇ. ಆದರೆ ತುಕ್ಕಾನಟ್ಟಿ ಬಾಳೇಶನ ಹೆಂಡತಿ ದಾಕ್ಷಾಯಿಣಿಯ ತವರು. ಹಬ್ಬಕ್ಕೆ ಹೋದಾಗ ಗಾದಿ ಹಾಸಿ ಕೂಡಿಸುವ ಊರಿನಲ್ಲಿ, ಅದೇ ಬೀಗರ ಕಟ್ಟೆಯ ಮುಂದೆ ನಿಂತು "ಇವತ್ತಿಂದು ಕೊಡ್ರಿ" ಎಂದು ಕೈ ಚಾಚುವುದೆಂದರೆ! ಬಾಳೇಶ ತಡಮಾಡದೆ ಕೇಳಿದ.

"ಏನ್ ಕಲೀಬೇಕ್ರಿ, ಸಾಹೇಬ್ರ?"

"ಅದು ನನಗೇನ್ ಗೊತ್ತೋ? ಭಾಳ ನಮೂನಿ ಅದಾವಂತ. ಚಲೋದು ನೋಡಿ ಕಲೀರಿ."

ಹೊರಗೆ ಬಂದದ್ದೇ ಇಬ್ಬರೂ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಗೆ ಹೋದರು. ಇಬ್ಬರೂ ಇನ್ನೊಬ್ಬನ ಚಹಾ ಮುಗಿಯಲಿ ಎಂದು ಕಾಯುತ್ತ ಕೂತರು.

"ಏನ್ ಕಲೀಬೇಕಂತ ಮಾಡೀದಿಪಾ, ಶಿವಕುಮಾರ?" ಬಾಳೇಶ ಸಹಜವಾಗಿ ಕೇಳಿದ. ಸಹಜವಾಗಿ ಕೇಳುವಾಗ ಅವನ ಬಲಗಣ್ಣು ಸ್ವಲ್ಪ ಕಿರಿದಾಗುತ್ತಿತ್ತು.

"ನಂದೇನ್, ಪಿಎಚ್‌ಪಿ ಹಿಡೀಬೇಕಂತ ಮಾಡೇನಿ. ನೀ?"

"ನಾ ಪೈಥಾನ್."

"ಚಲೋ ಆತು."

"ಚಲೋ ಆತು."

ಇಬ್ಬರೂ ನಕ್ಕರು. ಮನೆಗೆ ಹೋಗುತ್ತ ಬಾಳೇಶ ಲೆಕ್ಕ ಹಾಕಿದ. ಪಿಎಚ್‌ಪಿ ಅಂದಾನಂದರೆ ಅದು ಪಿಎಚ್‌ಪಿ ಅಲ್ಲ. ಆದರೆ ನಾನು ಹೀಗೆ ಲೆಕ್ಕ ಹಾಕುತ್ತೇನೆಂದು ಅವನಿಗೂ ಗೊತ್ತಿರಬೇಕು. ಹಾಗಾದರೆ ಪಿಎಚ್‌ಪಿಯೇ ಇದ್ದೀತು. ಅಥವಾ ಅದನ್ನೂ ತಿಳಿದು... ಮನೆ ಮುಟ್ಟುವ ಹೊತ್ತಿಗೆ ಅವನಿಗೆ ತಲೆನೋವು ಬಂದಿತ್ತು. ಪಿಎಚ್‌ಪಿ ಎಂದರೇನು, ಪೈಥಾನ್ ಎಂದರೇನು ಎಂಬುದು ಮಾತ್ರ ಅವನಿಗೂ ಗೊತ್ತಿರಲಿಲ್ಲ, ಶಿವಕುಮಾರನಿಗೂ ಗೊತ್ತಿರಲಿಲ್ಲ. ಇಬ್ಬರೂ ಆ ಹೆಸರುಗಳನ್ನು ಬಸ್ಸಿನ ಹಿಂದೆ ಅಂಟಿಸಿದ್ದ ಒಂದೇ ಜಾಹೀರಾತಿನಲ್ಲಿ ಓದಿದ್ದರು.

ಆ ಭಾನುವಾರ ಬಾಳೇಶ ಯಾರಿಗೂ ಹೇಳದೆ ಗೋಕಾಕಕ್ಕೆ ಹೋದ. ಕೆಳಗೆ ಕರದಂಟಿನ ಅಂಗಡಿ, ಮೇಲೆ ಸಾಗರ ಸರ್ ಅವರ ಕಂಪ್ಯೂಟರ್ ಕ್ಲಾಸು. ಮೆಟ್ಟಿಲು ಹತ್ತುವಾಗಲೇ ಬೆಲ್ಲ, ತುಪ್ಪ, ಹುರಿದ ಅಂಟಿನ ವಾಸನೆ ಮೂಗಿಗೆ ಬಡಿಯಿತು. ವಾಸನೆಗೆ ಮರುಳಾಗಿ ಮಂದಿ ಮೇಲೆ ಬರಲಿ ಎಂದೇ ಇಲ್ಲಿ ಕ್ಲಾಸು ಹಾಕಿದ್ದಾನೆ ಎಂದು ಬಾಳೇಶ ಮೊದಲ ಮೆಟ್ಟಿಲಿನಲ್ಲೇ ತೀರ್ಮಾನಿಸಿದ.

ಸಾಗರ ಸರ್ ಸಣ್ಣ ವಯಸ್ಸಿನ ಚುರುಕು ಮನುಷ್ಯ. ಗೋಡೆಯ ಬೋರ್ಡಿನ ಮೇಲೆ ಐದು ಹೆಸರು ಬರೆದಿದ್ದರು: ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ರಿಯಾಕ್ಟ್, ಪಿಎಚ್‌ಪಿ, ಪೈಥಾನ್. ಒಂದೊಂದನ್ನೂ ಬಿಡಿಸಿ ಹೇಳಿದರು. ಮೊದಲನೆಯದು ಪುಟದ ಗೋಡೆ, ಬಣ್ಣ. ಎರಡನೆಯದು ಅದಕ್ಕೆ ಜೀವ ಕೊಡುವುದು. ಮೂರನೆಯದು ದೊಡ್ಡ ಕೆಲಸವನ್ನು ಬೇಗ ಕಟ್ಟುವುದಕ್ಕೆ. ಕೊನೆಯ ಎರಡು ಪರದೆಯ ಹಿಂದೆ ಲೆಕ್ಕಪತ್ರ ನೋಡಿಕೊಳ್ಳುವಂಥವು.

"ಇದ್ರಾಗ ಭಾಳ ಮಂದಿ ಯಾವದು ಕಲ್ಯಾಕತ್ತಾರ್ರಿ?" ಬಾಳೇಶ ಕೇಳಿದ.

"ರಿಯಾಕ್ಟ್ ರಿ. ಅದಕ್ಕ ಡಿಮ್ಯಾಂಡ್ ಐತಿ."

"ಹಂಗಾರ ಅದು ಬ್ಯಾಡ."

"ಯಾಕ್ರಿ?"

"ಎಲ್ಲಾರೂ ಅದನ್ನ ಹಾಕ್ಯಾರಂದ್ರ ನನ್ನ ಪೀಕು ಕೈಗೆ ಬರೂದ್ರಾಗ ರೇಟ್ ಬಿದ್ದಿರತೈತಿ. ಯಾರೂ ಕಲೀಲಾರದ್ದು ಯಾವದೈತಿ ಹೇಳ್ರಿ."

"ಯಾರೂ ಕಲ್ಯದಿದ್ರ ಅದನ್ನ ನಾ ಯಾಕ ಇಟಗೊಂಡು ಕೂಡ್ಲ್ರಿ?"

"ಐತಿ. ಮುಚ್ಚಿಟ್ಟೀರಿ."

ಸಾಗರ ಸರ್ ಹಾಜರಿ ಪುಸ್ತಕ ತೆಗೆದು, "ನಿಮ್ಮ ಹೆಸರೇನ್ರಿ?" ಎಂದರು.

"ಯಾಕ ಬೇಕಾಗಿತ್ರಿ?"

"ಬರಕೊಳ್ಳಾಕ."

"ಬರಕೊಳ್ಳೂದು ಬ್ಯಾಡ."

"ಆತ್ರಿ, ಮೊದಲ ಪಾಠ ಪುಕ್ಕಟ ಐತಿ. ಕೂತು ನೋಡ್ರಿ. ಸೇರಿದ್ರ ಸೇರ್ರಿ, ಬಿಟ್ರ ಬಿಡ್ರಿ."

ಪುಕ್ಕಟೆ ಎಂಬ ಶಬ್ದ ಕೇಳಿ ಬಾಳೇಶ ಇನ್ನಷ್ಟು ಎಚ್ಚರಾದ. ಹಿಡಿ ಹಿಂಡಿ ಪುಕ್ಕಟೆ ತೋರಿಸಿಯೇ ಎಮ್ಮೆಯನ್ನು ಕಟುಕನ ತನಕ ಹೊಡೆದುಕೊಂಡು ಹೋಗುತ್ತಾರೆ. ಆದರೂ ಬಾಗಿಲ ಹತ್ತಿರದ ಕುರ್ಚಿ ನೋಡಿ ಕೂತ.

ಪಾಠ ಶುರುವಾಯಿತು. ಹೆಡಿಂಗಿನ ಗುರುತು ಹಾಕಿ ಬರೆದರೆ ಮುಂದಿನ ಅಕ್ಷರಗಳು ದೊಡ್ಡದಾಗಿ ಕಾಣುತ್ತವೆ ಎಂದು ಸಾಗರ ಸರ್ ತೋರಿಸಿದರು. ಬಾಳೇಶ ಗುರುತು ಹಾಕಿ ತನ್ನ ಹೆಸರು ಹೊಡೆದ. ಪರದೆಯ ಮೇಲೆ ಅದು ಕೊಬ್ಬರಿ ಬಟ್ಟಲಿನಷ್ಟು ದಪ್ಪ ಅಕ್ಷರದಲ್ಲಿ ಮೂಡಿತು. ಅಷ್ಟು ದೊಡ್ಡದಾಗಿ ಅವನ ಹೆಸರು ಅವನ ಲಗ್ನಪತ್ರಿಕೆಯಲ್ಲೂ ಬಂದಿರಲಿಲ್ಲ. ಬಾಳೇಶ ಅದನ್ನೇ ನೋಡುತ್ತ ಕೂತ. ಹುಟ್ಟಿದಂದಿನಿಂದ ಎಚ್ಚರವಾಗಿದ್ದ ಅವನ ಸಂಶಯ ಅಷ್ಟು ಹೊತ್ತು ನಿದ್ದೆ ಮಾಡಿತು.

ಅದು ಎದ್ದದ್ದು ಕಿಟಕಿಯ ಹೊರಗೆ ಕಣ್ಣು ಹೋದಾಗ. ಎದುರಿನ ಹೂವಿನಂಗಡಿಯ ಬಾಜೂ ಒಂದು ಕೆಂಪು ಬೈಕು ನಿಂತಿತ್ತು. ಅದರ ಕನ್ನಡಿಗೆ ಹಸಿರು ಕರವಸ್ತ್ರ ಕಟ್ಟಿತ್ತು. ಇಡೀ ಹುಕ್ಕೇರಿ ತಾಲ್ಲೂಕಿನಲ್ಲಿ ಬೈಕಿನ ಕನ್ನಡಿಗೆ ಕರವಸ್ತ್ರ ಕಟ್ಟುವವನು ಶಿವಕುಮಾರ ಒಬ್ಬನೇ.

ಬಾಳೇಶ ಎದ್ದವನೇ ಹಿಂದಿನ ಮೆಟ್ಟಿಲಿಳಿದ. ಆ ಮೆಟ್ಟಿಲು ನೇರವಾಗಿ ಕರದಂಟಿನ ಅಡುಗೆಮನೆಗೆ ಇಳಿಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ. "ಏಯ್, ಯಾರಂವಾ? ಪಾಕ ಐತಿ, ಪಾಕ!" ಎಂದು ಯಾರೋ ಕೂಗಿದರು. ಬಾಳೇಶ ಬಿಸಿ ಪಾಕದ ಕಡಾಯಿಯನ್ನು ಸುತ್ತಿಕೊಂಡು, ತುಪ್ಪದ ಡಬ್ಬಿಗಳ ನಡುವೆ ನುಸುಳಿ ಹಿತ್ತಲಿಗೆ ಬಿದ್ದ. ಅವನು ಹಿಂದಿನಿಂದ ಹೋದ ಮರುಗಳಿಗೆ ಶಿವಕುಮಾರ ಮುಂದಿನಿಂದ ಹತ್ತಿಬಂದು ಅದೇ ಕುರ್ಚಿಯಲ್ಲಿ ಕೂತು ಉಳಿದರ್ಧ ಪಾಠ ಕೇಳಿದ. ಇದು ಬಾಳೇಶನಿಗೆ ತಿಳಿದದ್ದು ಕೆಲವು ದಿನಗಳ ಮೇಲೆ.

ಮನೆಗೆ ಬಂದಾಗ ದಾಕ್ಷಾಯಿಣಿ ಬಾಗಿಲಲ್ಲೇ ಮೂಸಿದಳು.

"ಗೋಕಾಕಕ್ಕ ಹೋಗಿದ್ರಿ?"

"ಇಲ್ಲ, ಸೊಸೈಟಿ ಕೆಲಸಿತ್ತು."

"ಅಂಗಿಗೆ ಕರದಂಟಿನ ವಾಸನಿ ಐತಿ. ಕೈಯಾಗ ಕರದಂಟಿಲ್ಲ." ಆಕೆ ಸೊಂಟದ ಮೇಲೆ ಕೈಯಿಟ್ಟಳು. "ಅಂದ್ರ ಕಟ್ಟಿಸಿದ್ದಂತೂ ಖರೆ. ಯಾರಿಗೆ ಕೊಟ್ಟು ಬಂದ್ರಿ?"

ಇದಕ್ಕೆ ಉತ್ತರ ಹೇಳಬೇಕೆಂದರೆ ಕ್ಲಾಸಿನ ವಿಷಯ ಹೇಳಬೇಕು. ಹೇಳಿದರೆ ಆಕೆ ಲಗಮಪ್ಪನ ಹೆಂಡತಿಗೆ ಹೇಳುತ್ತಾಳೆ, ಅಲ್ಲಿಂದ ಊರಿಗೆಲ್ಲ ಗೊತ್ತಾಗುತ್ತದೆ, ಮುಂದೆ ಉಳ್ಳಾಗಡ್ಡಿಯ ಕಥೆಯೇ. ಬಾಳೇಶ ಬಾಯಿ ಮುಚ್ಚಿಕೊಂಡ. ದಾಕ್ಷಾಯಿಣಿ ಫೋನ್ ತೆಗೆದಳು. ಮುಂದಿನ ಸಂತೆಯ ದಿನ ಮೂಡಲಗಿಗೆ ಬಂದು ಕಾಣಬೇಕೆಂದು ಮಾವನಿಂದ ಬುಲಾವ್ ಬಂತು.

ಮಾವ ಉದ್ದಪ್ಪ ಮೂಡಲಗಿಯ ದನದ ಸಂತೆಯಲ್ಲಿ ಹಳೆಯ ದಲ್ಲಾಳಿ. ಅಳಿಯನನ್ನು ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿ ತಂಬಾಕು ತಿಕ್ಕುತ್ತ ಕೇಳಿದ.

"ಅಳಿಯಂದ್ರ, ಗೋಕಾಕದಾಗ ಏನ್ ನಡಸೀರಿ? ಖರೆ ಹೇಳ್ರಿ. ಮಗಳು ಅಳಾಕತ್ತಾಳ."

ಬಾಳೇಶ ಎಡಬಲ ನೋಡಿದ. ಎರಡು ಎಮ್ಮೆಗಳ ಹೊರತು ಯಾರೂ ಇರಲಿಲ್ಲ. ಅವುಗಳಿಂದಲೂ ಸ್ವಲ್ಪ ದೂರ ಸರಿದು ಪಿಸುಮಾತಿನಲ್ಲಿ ಎಲ್ಲ ಹೇಳಿದ: ವೆಬ್‌ಸೈಟು, ಐದು ನಮೂನೆ, ಶಿವಕುಮಾರ, ತುಕ್ಕಾನಟ್ಟಿ. ತುಕ್ಕಾನಟ್ಟಿಯ ಮಾತು ಬಂದಾಗ ಉದ್ದಪ್ಪ ತಂಬಾಕು ತಿಕ್ಕುವುದನ್ನು ನಿಲ್ಲಿಸಿದ.

"ನಮ್ಮ ಊರಾಗ ಪಿಗ್ಮಿ? ನನ್ನ ಅಳಿಯಾ? ಬ್ಯಾಡಪಾ ಬ್ಯಾಡ, ನನ್ನ ಸೊಕ್ಕ ಮುರಿಯಾಕ ಕಾದು ಕೂತಾರ ಮಂದಿ. ಆತು, ನೋಡೂನು. ಆ ಮೊದಲನೇದಕ್ಕ ಎಷ್ಟು ವಯಸ್ಸು?"

"ಎಚ್‌ಟಿಎಂಎಲ್‌ಗೆ ಮೂವತ್ತರ ಮ್ಯಾಲಾತಂತ್ರಿ, ಮಾವ."

"ಮೂವತ್ತು! ಸತ್ತು ಚರ್ಮಾ ಸುಲದಿರಬೇಕಲ್ರಿ!"

"ಇಲ್ರಿ, ಇನ್ನೂ ಹಾಲು ಕೊಡಾಕತ್ತೈತಂತ."

"ಆ ಎಲ್ಲಾರೂ ಒಯ್ಯಾಕತ್ತಾರಂದ್ರಲ, ಅದು?"

"ರಿಯಾಕ್ಟ್? ಅದಕ್ಕೂ ಹತ್ತರ ಮ್ಯಾಲಾಗೇತ್ರಿ."

"ಬಾಯಿಗೂಡಿದ್ದು, ಎಲ್ಲಾ ಹಲ್ಲು ಬಂದದ್ದು. ಹಲ್ಲು ಎಣಸೂ ಕಾಲ ಮುಗೀತು." ಉದ್ದಪ್ಪ ತಲೆ ಅಲ್ಲಾಡಿಸಿದ. "ಮಾಸ್ತರ ಏನಂತಾನ ಅನ್ನೂದು ಬಿಡ್ರಿ. ದಲ್ಲಾಳಿ ಸಂತ್ಯಾಗ ಯಾವ ಎಮ್ಮಿ ಹೊಗಳ್ತಾನ ನೋಡಬಾರದು. ಅವನ ಮನಿ ಗೂಟಕ್ಕ ಯಾವದು ಕಟ್ಯಾನ, ಅದನ್ನ ನೋಡಬೇಕು. ಅಂವ ತನ್ನ ಮನ್ಯಾಗಿನವರಿಗೆ ಏನ್ ಕಲಸ್ಯಾನ ನೋಡಿಕೊಂಡು ಬರ್ರಿ."

ಅಷ್ಟರಲ್ಲಿ ಉದ್ದಪ್ಪನಿಗೆ ಒಂದು ಗಿರಾಕಿ ಬಂತು. ಎಮ್ಮೆಯ ಒಡೆಯ, "ಹಸುಗೂಸಿನಂಥಾ ಎಮ್ಮಿ ರಿ, ಒದ್ದಿದ್ದ ಗೊತ್ತಿಲ್ಲ!" ಎಂದು ಆಣೆ ಮಾಡುತ್ತ ಒಂದು ಕಾಲು ಕುಂಟುತ್ತ ಬಂದ. ಕೊಳ್ಳುವವನು ತನಗೆ ಎಮ್ಮೆಯೇ ಬೇಕಾಗಿಲ್ಲ ಎಂದ. ಇಬ್ಬರ ಬಾಯಿಯಲ್ಲೂ ಒಂದಾದರೂ ಖರೆ ಮಾತು ಬರಲಿಲ್ಲ. ಉದ್ದಪ್ಪ ಟವೆಲ್ ಬಿಚ್ಚಿ ಅದರ ಕೆಳಗೆ ಇಬ್ಬರ ಕೈ ಸರದಿಯಂತೆ ಹಿಡಿದ. ಅಲ್ಲಿ ಬೆಲೆ ಹೇಳುವುದು ಬೆರಳಿನ ಲೆಕ್ಕದಲ್ಲಿ, ಯಾರು ಎಷ್ಟು ಬೆರಳು ಹಿಡಿದರೋ ಹೊರಗಿನವರಿಗೆ ಕಾಣಲಿಲ್ಲ. ಕ್ಷಣದಲ್ಲಿ ವ್ಯಾಪಾರ ಕುದುರಿತು.

"ಇಷ್ಟ್ ಸುಳ್ಳು ಹೇಳಿದವರು ಕೈಯಾಗ ಖರೆ ಹೇಳ್ತಾರೇನ್ರಿ, ಮಾವ?"

ಉದ್ದಪ್ಪ ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡ. "ಬಾಯಿ ಸಂತಿದು, ಅಳಿಯಂದ್ರ. ಕೈ ದೇವರದು. ಟವೆಲ್ ಒಳಗ ಸುಳ್ಳು ಬೆರಳು ಕೊಟ್ಟಾಂವ ಮತ್ತ ಈ ಸಂತಿ ಮೆಟ್ಟಿಲ್ಲ."

ಮಾವನ ಉಪದೇಶದಲ್ಲಿ ಬಾಳೇಶನಿಗೆ ಗೂಟದ ಮಾತು ಬಹಳ ಹಿಡಿಸಿತು. ಹಾಗಾಗಿ ಅವನು ಮುಂದಿನ ಭಾನುವಾರ ಕ್ಲಾಸಿಗೆ ಹೋಗಲಿಲ್ಲ. ಕ್ಲಾಸು ಬಿಡುವ ತನಕ ಕಾದು ಸಾಗರ ಸರ್ ಅವರ ಸ್ಕೂಟರಿನ ಹಿಂದೆ ಬಿದ್ದ. ಸ್ಕೂಟರು ಗೋಕಾಕ ಫಾಲ್ಸಿನ ಕಡೆ ಹೋಗಿ ಮಿಲ್ಲಿನ ಹತ್ತಿರದ ಹಳೆಯ ಮನೆಗಳ ಸಾಲಿನಲ್ಲಿ ನಿಂತಿತು. ಬಾಳೇಶ ಬೈಕನ್ನು ದೂರ ನಿಲ್ಲಿಸಿ ಗೋಡೆಗುಂಟ ನಡೆದ. ಸೊಸೈಟಿ ಕೆಲಸವೆಂದು ಮನೆಯಲ್ಲಿ ಹೇಳಲು ಹಾಕಿಕೊಂಡಿದ್ದ ಸೊಸೈಟಿಯ ಕಾರ್ಡು ಕೊರಳಲ್ಲಿ ಹಾಗೆಯೇ ಇತ್ತು. ಹೊಳೆ ತುಂಬಿತ್ತು. ಫಾಲ್ಸಿನ ಗದ್ದಲಕ್ಕೆ ತನ್ನ ಹೆಜ್ಜೆ ತನಗೇ ಕೇಳುತ್ತಿರಲಿಲ್ಲ. ಇದು ಬಹಳ ಅನುಕೂಲ ಎಂದುಕೊಂಡ. ಆ ಗದ್ದಲಕ್ಕೆ ಹಿಂದೆ ಬರುವವರ ಹೆಜ್ಜೆಯೂ ಕೇಳುವುದಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ.

ಕಿಟಕಿ ತೆರೆದಿತ್ತು. ಒಳಗೆ ಸಾಗರ ಸರ್ ಅವರ ತಂಗಿ ಕಾಜಲ್ ದಪ್ಪ ಪುಸ್ತಕ ಹಿಡಿದು ಬಾಯಿಪಾಠ ಮಾಡುತ್ತಿದ್ದಳು. ಬಾಳೇಶ ತುದಿಗಾಲ ಮೇಲೆ ನಿಂತು ರಟ್ಟಿನ ಮೇಲಿನ ಹೆಸರು ಓದಲು ಕತ್ತು ಚಾಚಿದ.

"ಕಾಣಸಾಕತ್ತೈತೋ, ಕುರ್ಚಿ ತಂದು ಹಾಕ್ಲೋ?"

ತಿರುಗಿ ನೋಡಿದರೆ ಬಾಜೂಮನೆಯ ಶಂಕ್ರವ್ವ, ಕೈಯಲ್ಲಿ ಕಸಬರಿಗೆ. ಬಾಳೇಶ "ಅದು, ಅವ್ವಾರ..." ಎನ್ನುವಷ್ಟರಲ್ಲಿ ಆಕೆ ಫಾಲ್ಸಿಗಿಂತ ಜೋರಾಗಿ ಕೂಗಿದಳು. ಸಾಲುಮನೆಗಳ ಬಾಗಿಲುಗಳೆಲ್ಲ ತೆರೆದವು.

"ಕಳ್ಳ!"

"ಕಳ್ಳ ಅಲ್ಲ, ಕೊಳ್ಳಾಗ ಕಾರ್ಡ್ ಐತಿ ನೋಡ್ರಿ. ಕರೆಂಟಿನಂವ!"

"ಕರೆಂಟಿನಂವ ಮೀಟರ್ ನೋಡ್ತಾನ, ಹುಡುಗೀನ್ಯಾಕ ನೋಡ್ತಾನ? ಕನ್ಯಾ ನೋಡಾಕ ಬಂದಾಂವ ಇರಬೇಕು."

"ಕನ್ಯಾ ನೋಡಾಕ ಬಂದ್ರ ಮುಂದಿನ ಬಾಗಲ ಇಲ್ಲೇನ? ಅವಲಕ್ಕಿ ಹಚ್ಚಿ ಕೊಡತಿದ್ದಿವಿ!"

ಶಂಕ್ರವ್ವ ಕಸಬರಿಗೆ ಎತ್ತಿದಾಗ ಬಾಳೇಶ ಎರಡು ಹೆಜ್ಜೆ ಹಿಂದೆ ಸರಿದು ನೀರಿನ ಟಾಕಿಗೆ ಬಡಿದ. ಟಾಕಿಯ ಹಿಂದಿನಿಂದ "ಅಯ್ಯೋ, ನನ್ನ ಕಾಲು!" ಎಂದು ಇನ್ನೊಬ್ಬ ಎದ್ದ. ಶಿವಕುಮಾರ! ಬಾಳೇಶ ಸಾಗರ ಸರ್ ಅವರನ್ನು ಹಿಂಬಾಲಿಸಿದ್ದ, ಶಿವಕುಮಾರ ಬಾಳೇಶನನ್ನು ಹಿಂಬಾಲಿಸಿದ್ದ.

"ಇಬ್ಬರದಾರ!" ಮಂದಿಗೆ ಈಗ ವಿಷಯ ಗಂಭೀರವೆಂದು ಖಾತ್ರಿಯಾಯಿತು.

ಸಾಗರ ಸರ್ ಹೊರಗೆ ಬಂದು ಬಾಳೇಶನ ಗುರುತು ಹಿಡಿದರು. "ಹೆಸರು ಹೇಳದ ಓಡಿ ಹೋದಾಂವ ನೀವಲ್ರಿ? ಇಲ್ಲೇನ್ ಕೆಲಸ?"

ಸುತ್ತ ಮಂದಿ, ಮುಂದೆ ಕಸಬರಿಗೆ. ಬಾಳೇಶನಿಗೆ ಸುಳ್ಳು ಹೊಳೆಯಲಿಲ್ಲ. "ನಿಮ್ಮ ಗೂಟಕ್ಕ ಯಾವದು ಕಟ್ಟೀರಿ ಅಂತ ನೋಡಾಕ ಬಂದಿದ್ನಿರಿ. ಮಂದಿಗೆ ರಿಯಾಕ್ಟ್ ಅಂತೀರಿ. ನಿಮ್ಮ ತಂಗಿಗೆ ಏನ್ ಕಲಸೀರಿ?"

"ನಾ ಪಿಡಿಒ ಪರೀಕ್ಷಾಕ್ಕ ಓದಾಕತ್ತೇನ್ರಿ," ಎಂದಳು ಕಾಜಲ್ ಕಿಟಕಿಯಿಂದ. "ನನಗ ಅಣ್ಣಾನ ಕಂಪ್ಯೂಟರ್ ಸೇರಂಗಿಲ್ಲ."

ಬಾಳೇಶ ದಂಗಾದ. "ನೋಡ್ರಿ ಮತ್ತ! ತನ್ನ ಮನ್ಯಾಗ ಪಂಚಾಯತಿ, ಮಂದೀಗೆ ಮಾತ್ರ..."

"ಆಕಿ ಏನ್ ಎಮ್ಮಿ ಅಲ್ರಿ, ನಾ ಗೂಟಕ್ಕ ಕಟ್ಟಾಕ," ಎಂದರು ಸಾಗರ ಸರ್. "ಆಕೀಗೆ ಬೇಕಾದ್ದು ಆಕಿ ಓದ್ತಾಳ. ನೀವು ಒಂದರ್ಧ ತಾಸು ಕೂತು ಓಡಿ ಹೋದ್ರಿ. ನಿಮ್ಮ ಹಿಂದ ಈ ಮನಶ್ಯಾ ಬಂದು ಅರ್ಧ ತಾಸು ಕೂತು, ನೀವು ಎಲ್ಲಿ ಹೋದ್ರಿ ಅಂತ ಕೇಳಿ ಓಡಿ ಹೋದ. ಬಿತ್ತೂದು ರಿಯಾಕ್ಟ್ ಇರ್ಲಿ, ಪಿಎಚ್‌ಪಿ ಇರ್ಲಿ, ಮೊದಲ ನೆಲಾ ಹದಾ ಮಾಡ್ರಿ ಅಂತ ಹೇಳಾಕ ನಾ ಬಾಯಿ ತೆಗದ್ರ ಕೇಳಾಕ ಇಬ್ಬರೂ ಇಲ್ಲ!"

ಮಂದಿಗೆ ಇದರಲ್ಲಿ ಒಂದು ಮಾತೂ ತಿಳಿಯಲಿಲ್ಲವಾದ್ದರಿಂದ, ಕೊರಳಿನ ಕಾರ್ಡಿನ ಮೇಲಿದ್ದ ಚೇರ್ಮನ್ನರ ನಂಬರಿಗೆ ಫೋನ್ ಹಚ್ಚಿದರು.

ಮರುದಿನ ಮುರಿಗೆಪ್ಪನವರು ಇಬ್ಬರನ್ನೂ ಒಳಗೆ ಕರೆದು ಬಾಗಿಲು ಹಾಕಿಸಿದರು. ಅವರ ಮುಖ ಎಮ್ಮೆಗೆ ಸುಳಿ ಕೆಟ್ಟದ್ದಿದೆ ಎಂದು ಕಂಡಾಗ ಆಗುವ ಹಾಗೆ ಆಗಿತ್ತು.

"ಮಂದಿ ಮನಿ ಕಿಡಕಿ ಇಣಿಕಿ ನೋಡಾಕ ಕಳಿಸಿದ್ನೇನ್ ನಾ? ಏನ್ ಕಲ್ತೀರಿ ಹೇಳ್ರಿ. ನೀ ಹೇಳೋ, ಬಾಳೇಶ."

"ಇವನ ಮುಂದ ಹೇಳಂಗಿಲ್ರಿ, ಸಾಹೇಬ್ರ."

"ನೀ ಹೇಳೋ, ಶಿವಕುಮಾರ."

"ಇಂವ ಹೊರಗ ಹೋದ್ರ ಹೇಳ್ತೀನ್ರಿ."

"ನಾ ಹೊರಗ ಹೋದ್ರ ಇಂವ ಸುಳ್ಳು ಹೇಳ್ತಾನ್ರಿ!"

ಮುರಿಗೆಪ್ಪನವರು ಹಣೆ ತಿಕ್ಕಿಕೊಂಡರು. ಆಮೇಲೆ ಹೆಗಲ ಟವೆಲ್ ತೆಗೆದು ಮೇಜಿನ ಮೇಲೆ ಹರವಿದರು. ಎಷ್ಟೋ ವರ್ಷದ ಮೇಲೆ ಅವರ ಕಣ್ಣಿನಲ್ಲಿ ಸಂತೆಯ ಕಳೆ ಬಂತು.

"ಆ ಮಾಸ್ತರ ಎಷ್ಟು ನಮೂನಿ ಕಲಸ್ತಾನ?"

"ಐದ್ರಿ."

"ಚಲೋ ಆತು, ಕೈಗೂ ಐದ ಬೆರಳು. ಎಷ್ಟು ಕಲ್ತೀರಿ ಅಷ್ಟು ಬೆರಳು ಕೊಡ್ರಿ. ಒಬ್ಬನ ಬೆರಳು ಒಬ್ಬಗ ಕಾಣಂಗಿಲ್ಲ. ಹೆಚ್ಚು ಕಲ್ತಾಂವ ಇಲ್ಲಿರ್ತಾನ, ಇನ್ನೊಬ್ಬಂವ ಇವತ್ತ ತುಕ್ಕಾನಟ್ಟಿ ಬಸ್ ಹತ್ತತಾನ."

ಮೊದಲು ಬಾಳೇಶನ ಕೈ. ಟವೆಲಿನ ಕೆಳಗೆ ಕತ್ತಲು, ಮುರಿಗೆಪ್ಪನವರ ಅಂಗೈ ಬೆಚ್ಚಗಿತ್ತು. ಮೂರು ಬೆರಳು ಕೊಟ್ಟರಾಯಿತು. ಯಾರು ಬಂದು ಪರೀಕ್ಷೆ ಮಾಡುತ್ತಾರೆ? ಶಿವಕುಮಾರ ನಾಲ್ಕಕ್ಕೆ ಕಡಿಮೆ ಕೊಡುವ ಆಸಾಮಿಯಲ್ಲ. ಮೂರು ಸಾಲದು, ಐದೂ ಕೊಡಬೇಕು. ಕಣ್ಣ ಮುಂದೆ ತುಕ್ಕಾನಟ್ಟಿಯ ಅಂಗಡಿ ಸಾಲು ಬಂತು, ಹೆಗಲ ಮೇಲೆ ಚೀಲ, ಕಟ್ಟೆಯ ಮೇಲೆ ಬೀಗರು. ಬಾಳೇಶ ಐದೂ ಬೆರಳು ಬಿಡಿಸಿದ.

ಆದರೆ ಅವು ಮುಂದೆ ಹೋಗಲಿಲ್ಲ. ಬಾಯಿ ಸಂತಿದು, ಕೈ ದೇವರದು. ಬದುಕಿನುದ್ದಕ್ಕೂ ಬೆಳೆಯ ಹೆಸರು ಸುಳ್ಳು ಹೇಳಿದ ಬಾಳೇಶ, ಉದ್ದಪ್ಪನ ಅಳಿಯನಾಗಿ, ಟವೆಲಿನ ಕೆಳಗೆ ಸುಳ್ಳು ಹೇಳಲಾರದೆ ಹೋದ. ನಾಲ್ಕು ಬೆರಳು ಮಡಚಿದ. ಉಳಿದ ಒಂದನ್ನು ಕೊಡಹೋದರೆ ಅದೂ ಪೂರಾ ಖರೆಯಲ್ಲ. ಪಾಠದ ನಡುವೆ ಎದ್ದು ಓಡಿದ್ದ. ತೋರುಬೆರಳನ್ನು ನಡುಗಂಟಿನ ತನಕ ಮಡಚಿ, ಕಣ್ಣು ಮುಚ್ಚಿ, ಕೊಟ್ಟ. ಸಂತೆಯ ಲೆಕ್ಕದಲ್ಲಿ ಅದಕ್ಕೆ ಅರ್ಧ ಎಂದರ್ಥ.

ಮುರಿಗೆಪ್ಪನವರ ಮುಖದಲ್ಲಿ ಗೆರೆ ಕದಲಲಿಲ್ಲ. ಶಿವಕುಮಾರನ ಕೈ ಹಿಡಿದರು. ಬಹಳ ಹೊತ್ತು ಹಿಡಿದರು. ಮತ್ತೊಮ್ಮೆ ತಡಕಿ ನೋಡಿದರು. ಆಮೇಲೆ ಟವೆಲ್ ಕಿತ್ತು ಮುಖಕ್ಕೆ ಒತ್ತಿಕೊಂಡರು. ಸಾಹೇಬರು ಅಳುತ್ತಿದ್ದಾರೆಂದು ಇಬ್ಬರೂ ಹೆದರಿದರು. ಅವರು ನಗುತ್ತಿದ್ದರು.

"ಇಂವಂದೂ ಅರ್ಧ ಬೆರಳ, ಅವಂದೂ ಅರ್ಧ ಬೆರಳ! ಎರಡೂ ಕೂಡಿಸಿದ್ರ ನನ್ನ ಸೊಸೈಟಿಗೆ ಒಂದು ಬೆರಳು! ಯಾವ ಅರ್ಧ ಬರತೈತಿ, ಮಾಡಿ ತೋರಿಸ್ರಿ."

ಬಾಳೇಶ ಕಂಪ್ಯೂಟರಿನ ಮುಂದೆ ಕೂತು ಹೆಡಿಂಗಿನ ಗುರುತು ಹಾಕಿ ಸೊಸೈಟಿಯ ಹೆಸರು, ಚೇರ್ಮನ್ನರ ಹೆಸರು, ವಿಳಾಸ, ಬಾಗಿಲು ತೆರೆಯುವ ವೇಳೆ, ಊಟದ ವೇಳೆ ಎಲ್ಲ ಹೊಡೆದ. ಗುರುತು ತೆರೆಯುವುದು ಅವನಿಗೆ ಗೊತ್ತಿತ್ತು. ಮುಚ್ಚುವುದು ಹೇಳಿಕೊಡುವ ಹೊತ್ತಿಗೆ ಅವನು ತುಪ್ಪದ ಡಬ್ಬಿಗಳ ನಡುವೆ ಇದ್ದ. ಹಾಗಾಗಿ ಎಲ್ಲವೂ ಒಂದೇ ಸಮ ದಪ್ಪ ಅಕ್ಷರದಲ್ಲಿ ಬಂದವು. ಪರದೆಯ ತುಂಬ 'ಊಟದ ವೇಳೆ' ಎಂಬುದೇ ಕಾಣುತ್ತಿತ್ತು.

"ಊಟಾ ಇಷ್ಟ್ ದೊಡ್ಡದಾತಲ್ಲೋ! ಸೊಸೈಟಿ ಐತೋ, ಖಾನಾವಳಿ ಐತೋ?"

"ಮುಚ್ಚಬೇಕ್ರಿ," ಎಂದ ಶಿವಕುಮಾರ. ಬಾಯಿ ತಪ್ಪಿ ಬಂದ ಖರೆ ಮಾತು. "ತೆಗದದ್ದನ್ನ ಮುಚ್ಚಬೇಕು. ನನಗ ಮುಚ್ಚೂದ ಅಷ್ಟ ಗೊತ್ತು. ತೆಗ್ಯೂದ ಗೊತ್ತಿಲ್ಲ."

"ಎಲ್ಲಿ ಮುಚ್ಚತಿ?"

"ಸೊಸೈಟಿ ಹೆಸರು ಮುಗದ ಕೂಡ್ಲೆರಿ."

ಮುರಿಗೆಪ್ಪನವರು ಪರದೆ ನೋಡಿ ಗಂಟಲು ಸರಿಮಾಡಿಕೊಂಡರು. "ಚೇರ್ಮನ್ ಹೆಸರು ಮುಗದ ಮ್ಯಾಲೆ ಮುಚ್ಚು."

ಶಿವಕುಮಾರ ಮುಚ್ಚಿದ. ಸೊಸೈಟಿಯ ಹೆಸರೂ ಚೇರ್ಮನ್ನರ ಹೆಸರೂ ದೊಡ್ಡದಾಗಿ ಉಳಿದು ಊಟ ತನ್ನ ಜಾಗಕ್ಕೆ ಇಳಿಯಿತು.

ತೀರ್ಪು ಅಲ್ಲೇ ಆಯಿತು. ಇಬ್ಬರೂ ಒಂದೇ ಬೈಕಿನ ಮೇಲೆ ಗೋಕಾಕಕ್ಕೆ ಹೋಗಬೇಕು. "ಒಬ್ಬರನ್ನೊಬ್ಬರು ಕಾಯಾಕ ಎರಡು ಗಾಡಿ ಪೆಟ್ರೋಲ್ ಯಾಕ? ಮಹಾಸಭಾದಾಗ ವೆಬ್‌ಸೈಟ್ ಕಂಡ್ರ ಇಬ್ಬರದೂ ಕುರ್ಚಿ ಉಳೀತು. ಕಾಣದಿದ್ರ ಒಂದ ಬಸ್ಸಿಗೆ ಇಬ್ಬರೂ ತುಕ್ಕಾನಟ್ಟಿಗೆ."

ಹೋದರು. ಮೊದಮೊದಲು ಬಾಳೇಶ ಹಿಂದೆ ಕೂತು, ಇವನು ಬೇಕೆಂದೇ ತಗ್ಗಿನಲ್ಲಿ ಹಾಯಿಸುತ್ತಿದ್ದಾನೋ ಎಂದು ಲೆಕ್ಕ ಹಾಕುತ್ತಿದ್ದ. ಆದರೆ ಒಬ್ಬ ತೆರೆದದ್ದನ್ನು ಇನ್ನೊಬ್ಬ ಮುಚ್ಚದೆ ಪುಟ ನಿಲ್ಲುತ್ತಿರಲಿಲ್ಲವಾದ್ದರಿಂದ ಲೆಕ್ಕ ಹಾಕಲು ಪುರುಸೊತ್ತು ಕಡಿಮೆಯಾಯಿತು. ಬೋರ್ಡಿನ ಮೇಲಿನ ಐದರಲ್ಲಿ ಮೊದಲನೆಯದು ಮುಗಿದು ಎರಡನೆಯದಕ್ಕೆ ಕೈ ಹಚ್ಚಿದರು. ಪ್ರತಿ ಸಲವೂ ದಾಕ್ಷಾಯಿಣಿಗೆ ಕರದಂಟು ಬಂತು. ಕ್ಲಾಸಿನ ಸಂಗತಿ ಗೊತ್ತಾದ ಮೇಲೂ, ಕರದಂಟು ಬರುತ್ತಿರಲಿ ಎಂದು, ಆಕೆ ಬಾಗಿಲಲ್ಲಿ ಮೂಸುವುದನ್ನು ಬಿಡಲಿಲ್ಲ.

ಮಹಾಸಭೆಯಲ್ಲಿ ಬಿಳಿ ಪರದೆಯ ಮೇಲೆ ವೆಬ್‌ಸೈಟು ಕಂಡಿತು. ಸದಸ್ಯರು ಚಪ್ಪಾಳೆ ಹೊಡೆದು, ಚೇರ್ಮನ್ನರ ಹೆಸರು ಅಷ್ಟು ದೊಡ್ಡದು ಯಾಕೆ ಎಂದು ಸಂಶಯಪಟ್ಟರು. ತುಕ್ಕಾನಟ್ಟಿಗೆ ಯಾರೂ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ದಡ್ಡಿಯಲ್ಲಿ ಬಾಳೇಶ ಬದುವಿನ ಮೇಲೆ ನಿಂತಿದ್ದಾಗ ಲಗಮಪ್ಪ ಬಂದ. ಅದೇ ಬದು, ಅದೇ ಲಗಮಪ್ಪ.

"ಬಾಳೇಶ, ನಮ್ಮ ಮಗಳು ಮೇಘಾಂದು ಕಾಲೇಜು ಮುಗೀತು. ವೆಬ್‌ಸೈಟ್ ಕೆಲಸಾ ಹಿಡೀತೇನಿ ಅಂತಾಳ. ನೀ ಏನ್ ಕಲ್ತಿಪಾ? ಆಕಿ ಏನ್ ಕಲೀಬೇಕು?"

"ಪೈಥಾನ್," ಎಂದಿತು ಬಾಳೇಶನ ಬಾಯಿ, ತಾನಾಗಿಯೇ.

"ಹೌದು?" ಲಗಮಪ್ಪನ ಬಲಗಣ್ಣು ಕಿರಿದಾಯಿತು. ಪೈಥಾನ್ ಅಲ್ಲ ಎಂಬುದಷ್ಟು ಅವನಿಗೆ ಗೊತ್ತಾಯಿತು. ಹೊರಡಲು ತಿರುಗಿದ.

ಬಾಳೇಶ ಅವನ ಬೆನ್ನು ನೋಡಿದ. "ಕಾಕಾ, ನಿಂದರ್ರಿ," ಎಂದ. ಲಗಮಪ್ಪನ ಹೆಗಲ ಮೇಲಿದ್ದ ಟವೆಲ್ ಎಳೆದು ಅವನ ಕೈ ಮೇಲೆ ಹಾಕಿ ಅದರ ಕೆಳಗೆ ತನ್ನ ಕೈ ತೂರಿಸಿದ. ತೋರುಬೆರಳು ಕೊಟ್ಟ. ಈ ಸಲ ಪೂರಾ ಬೆರಳು.

"ಗೋಕಾಕದ ಸಾಗರ ಸರ್ ಬೋರ್ಡಿನ ಮ್ಯಾಲಿಂದು ಮೊದಲನೇದು. ಅದನ್ನ ಪೂರಾ ಕಲೀಲಿ. ನಡುವ ಎದ್ದು ಓಡಬ್ಯಾಡಂತ ಹೇಳ್ರಿ. ಆಮ್ಯಾಲೆ ಬಂದು ಎರಡನೇ ಬೆರಳು ಕೇಳ್ಲಿ."

ಲಗಮಪ್ಪ ಟವೆಲಿನ ಕೆಳಗೆ ಆ ಬೆರಳನ್ನು ಬುಡದಿಂದ ತುದಿಯ ತನಕ ತಡವಿ ನೋಡಿದ. ಒಂದು ಸಲ ಬಾಳೇಶನ ಮುಖ ನೋಡಿದ, ಮತ್ತೆ ಬೆರಳು ಹಿಡಿದ. ಆಮೇಲೆ ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ನಡೆದ. ಮಗಳಿಗಾಗಿ ಕೇಳಲು ಹೋದದ್ದು ಗೊತ್ತಿದ್ದ ಒಬ್ಬ ದಾರಿಯಲ್ಲಿ ಎದುರಾಗಿ ಕೇಳಿದ:

"ಏನಂತ ಕಾಕಾ? ಬಾಳೇಶ ಏನ್ ಕಲೀರಿ ಅಂದ?"

"ಗೋವಿನಜೋಳ," ಎಂದ ಲಗಮಪ್ಪ.